ಡ್ರಾಪ್ ಬರ್ತೈತಿ, ತಡೀರಿ!

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಲಗ್ನ ಗೊತ್ತುಮಾಡುವವರು ಮೊದಲು ಸ್ವಾಮಿಗಳನ್ನು, ಆಮೇಲೆ ಅಡುಗೆಯವರನ್ನು ಕೇಳುತ್ತಿದ್ದ ಕಾಲವೊಂದಿತ್ತು. ಈಗ ಮೊದಲ ಫೋನು ಹೋಗುವುದು ಡಿಜೆ ತಮ್ಮನಿಗೆ. ಅವನ ಡೇಟು ಸಿಕ್ಕರೆ ಲಗ್ನ. ಸಿಗದಿದ್ದರೆ ಗುರುಬಲವೂ ಒಂದು ವಾರ ಕಾಯುತ್ತದೆ.

ತಮ್ಮನನ್ನು ಗುರುತಿಸುವುದು ಕಷ್ಟವಲ್ಲ. ಕೊರಳಲ್ಲಿ ಹೆಡ್‌ಫೋನು ಇರುತ್ತದೆ, ಕಿವಿಗೆ ಏರಿದ್ದನ್ನು ಕಂಡವರು ಕಡಿಮೆ. ಕೀಲಿಗೊಂಚಲಿನಲ್ಲಿ ಮನೆಯ ಕೀಲಿ ಒಂದು, ಪೆನ್‌ಡ್ರೈವ್ ನಾಲ್ಕು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಆಳೆತ್ತರದ ಬೇಸ್ ಬಾಕ್ಸುಗಳು, ಹಿಂದೆ ಜನರೇಟರು, ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಮ್ಮ. ತೊಡೆಯ ಮೇಲಿನ ಲ್ಯಾಪ್‌ಟಾಪಿಗೆ ಭತ್ತದ ಧೂಳು ಕೂರದಂತೆ ಟವೆಲ್ ಹೊದಿಸಿರುತ್ತಾನೆ. ಒಳಗಿರುವುದು ಎಫ್‌ಎಲ್ ಸ್ಟುಡಿಯೋ. ಬೆಲ್ಜಿಯಂನಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಿಂದ ಹುಟ್ಟಿದ ಆ ಸಾಫ್ಟ್‌ವೇರು ಸಿಂಧನೂರಿಗೆ ದುಡ್ಡು ಕೊಟ್ಟು ಬಂತೋ ಹಾಗೇ ಬಂತೋ ಎಂಬುದನ್ನು ಮದುವೆ ಮನೆಯಲ್ಲಿ ಕೇಳಬಾರದು.

ಇವನ ಭಾಷೆಯೇ ಬೇರೆ. ಮೊನ್ನೆ ಮೆರವಣಿಗೆಯಲ್ಲಿ ಹುಡುಗಿಯ ಸೋದರಮಾವ ಟ್ರೇಲರ್ ಹತ್ತಿ, "ತಮ್ಮಾ, ಅಣ್ಣಾವ್ರದ್ದು ಒಂದು ಹಳೇ ಹಾಡು ಹಾಕಪ್ಪ" ಎಂದರು.

"ಕಾಕಾ, ಅದು ತೊಂಬತ್ತರಾಗ ಐತಿ. ಈಗ ಬಿಪಿಎಂ ನೂರಾ ಇಪ್ಪತ್ತೆಂಟು ನಡದೈತಿ. ಇಳಿಸಿದ್ರ ಮಂದಿ ಕುಣಿಯಂಗಿಲ್ಲ."

"ನೂರಾ ಇಪ್ಪತ್ತೆಂಟಕ್ಕ ಹಿಂಗ ಕುಣೀತಾರ? ನಂದು ನೂರಾ ಅರವತ್ತು ಐತಲ್ಲೋ, ಡಾಕ್ಟ್ರು ಗುಳಿಗಿ ಕೊಟ್ಟಾರ!"

ತಮ್ಮ ನಗಲಿಲ್ಲ. ವೃತ್ತಿಗೌರವದಿಂದಲೇ ಹೇಳಿದ: "ಹಂಗಾರ ನೀವು ಡ್ರಮ್ ಅಂಡ್ ಬೇಸ್, ಕಾಕಾ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಬಿಪಿಎಂ ಎಂದರೆ ನಿಮಿಷಕ್ಕೆ ಬೀಳುವ ಪೆಟ್ಟುಗಳ ಲೆಕ್ಕ. ಹೌಸ್ ಎಂಬ ಜಾತಿ 120ರಿಂದ 130ರ ಆಸುಪಾಸು, ಡಬ್‌ಸ್ಟೆಪ್ 140, ಡ್ರಮ್ ಅಂಡ್ ಬೇಸ್ 160ರಿಂದ 180. ತೊಂಬತ್ತರ ಹಾಡನ್ನು ಎಳೆದು ನೂರಾ ಮೂವತ್ತಕ್ಕೆ ತಂದಾಗ ಕೀ ಲಾಕ್ ಒತ್ತಲು ಮರೆತರೆ ಗಾಯಕನ ಗಂಟಲು ಐದನೇ ಇಯತ್ತೆ ಹುಡುಗನದಾಗುತ್ತದೆ. ತಮ್ಮ ವಾರಕ್ಕೊಮ್ಮೆ ಮರೆಯುತ್ತಾನೆ.

ಹೌಸ್ ಎಂಬ ಹೆಸರು ಬಂದದ್ದು ಷಿಕಾಗೋದ ವೇರ್‌ಹೌಸ್ ಎಂಬ ಕ್ಲಬ್ಬಿನಿಂದ ಅನ್ನುತ್ತಾರೆ. "ಎಲ್ಲಾ ಫಾರಿನ್ ಮಾಲ್ರೀ" ಎಂದು ತಮ್ಮ ಹೆಮ್ಮೆಪಟ್ಟಾಗ ನಾನೂ ನನ್ನ ಪಾಂಡಿತ್ಯ ಬಿಚ್ಚಿದೆ. ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ಜಪಾನಿನ ರೋಲ್ಯಾಂಡ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ರೆಕಾರ್ಡು ಮಾಡಿದ್ದ. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಅದು ಮತ್ತೆ ಹೊರಬಂದಾಗ, ಷಿಕಾಗೋದವರು ಆಮೇಲೆ ಆಸಿಡ್ ಹೌಸ್ ಎಂದು ಕರೆದ ಸದ್ದು ಇದರಲ್ಲಿ ಮೊದಲೇ ಇದೆಯಲ್ಲ ಎಂದು ಜಗತ್ತು ಬೆರಗಾಯಿತು. ತಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ: "ಅದ್ರಾಗ ಬೇಸ್ ಹೆಂಗೈತ್ರಿ?"

ಇವನ ಪೆನ್‌ಡ್ರೈವ್ ತೆರೆದು ನೋಡಬೇಕು. ಒಂದು ಫೈಲಿನ ಹೆಸರು ಹೀಗಿತ್ತು: ಹಳೇ ಜಾನಪದ ಹಲಗಿ ಮಿಕ್ಸ್ ಹಾರ್ಡ್ ಬೇಸ್ ಫುಲ್ ವೈಬ್ರೇಷನ್ ಇಡಿಎಂ ಫೈನಲ್ ನ್ಯೂ ಫೈನಲ್. ಹಾಡಿದವರ ಹೆಸರೊಂದಕ್ಕೆ ಜಾಗ ಸಾಲದಾಗಿತ್ತು. ಇದರಲ್ಲಿ ವೈಬ್ರೇಷನ್ ಎನ್ನುವುದು ಸಂಗೀತದ ಪ್ರಕಾರವಲ್ಲ, ತಗಡಿನ ಮನೆಯವರಿಗೆ ಕೊಡುವ ಮುನ್ಸೂಚನೆ.

ಅವನ ಉಳಿದ ಮಾತುಗಳಿಗೆ ಮಾತ್ರ ನಿಜವಾದ ಅರ್ಥವಿದೆ. ಒರಿಜಿನಲ್ ಮಿಕ್ಸ್ ಎಂದರೆ ಮಾಡಿದವನೇ ಮೊದಲು ಬಿಟ್ಟ ರೂಪ. ಬೇರೆಯವರು ಅದನ್ನು ಬಿಚ್ಚಿ ಕಟ್ಟಿದರೆ ರೀಮಿಕ್ಸ್, ಹೇಳದೆ ಕೇಳದೆ ಕಟ್ಟಿದರೆ ಬೂಟ್‌ಲೆಗ್. ನಮ್ಮವನ ಸರಕೆಲ್ಲ ಈ ಕೊನೆಯ ಖಾತೆಯದು. "ಕೇಳೀಯೇನೋ ಹಾಡಿದವ್ರನ್ನ?" ಎಂದರೆ, "ಕೇಳೀನ್ರಿ, ಯೂಟ್ಯೂಬ್‌ನ್ಯಾಗ ದಿನಾ ಕೇಳ್ತೀನಿ" ಎನ್ನುತ್ತಾನೆ. ರೇಡಿಯೋ ಎಡಿಟ್ ಎಂದರೆ ಮೂರ್ನಾಲ್ಕು ನಿಮಿಷಕ್ಕೆ ಕತ್ತರಿಸಿದ್ದು. ಎಕ್ಸ್‌ಟೆಂಡೆಡ್ ಮಿಕ್ಸ್‌ನಲ್ಲಿ ಹಿಂದೆ ಮುಂದೆ ಬರೀ ತಾಳ ಬಿಟ್ಟಿರುತ್ತಾರೆ, ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಜೋಡಿಸಲಿ ಎಂದು. ನಮ್ಮಲ್ಲಿ ಅದರ ಉಪಯೋಗ ಬೇರೆ: ಬಸ್‌ಸ್ಟ್ಯಾಂಡ್ ಮುಂದೆ ಟ್ರಾಫಿಕ್ಕಿನಲ್ಲಿ ಮೆರವಣಿಗೆ ಸಿಕ್ಕಿಬಿದ್ದಾಗ ತಮ್ಮ ಎಕ್ಸ್‌ಟೆಂಡೆಡ್ ಹಾಕಿ ಚಹಾ ಕುಡಿಯಲು ಇಳಿಯುತ್ತಾನೆ.

ವಿಐಪಿ ಮಿಕ್ಸ್‌ನದು ಇನ್ನೊಂದು ಕಥೆ. ಮಾಡಿದವನೇ ತನ್ನ ಹಾಡನ್ನು ಬದಲಿಸಿ ಮತ್ತೆ ಮಾಡಿದರೆ ಅದಕ್ಕೆ ವಿಐಪಿ, ವೇರಿಯೇಷನ್ ಇನ್ ಪ್ರೊಡಕ್ಷನ್ ಎನ್ನುತ್ತಾರೆ. ಒಬ್ಬ ಮುಖಂಡರ ಮೆರವಣಿಗೆಯಲ್ಲಿ ತಮ್ಮ ಮೈಕ್ ಹಿಡಿದು "ಈಗ ವಿಐಪಿ ಮಿಕ್ಸ್" ಎಂದು ಕೂಗಿದ. ಮುಖಂಡರು ಕೈಮುಗಿದರು, ಬೆಂಬಲಿಗರು ಶಾಲು ಹೊದಿಸಿದರು. ಅರ್ಥ ತಿಳಿಸಿ ಶಾಲು ವಾಪಸ್ ಕೊಡುವಷ್ಟು ದಡ್ಡ ಅವನಲ್ಲ.

ಹಾಡಿನ ನಡುವೆ ಒಬ್ಬ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಇವನ ಹೆಸರು ಕೂಗುತ್ತಾಳೆ. ಅದಕ್ಕೆ ಟ್ಯಾಗ್ ಎನ್ನುತ್ತಾರೆ. ಪಲ್ಲವಿಗೆ ಮೂರು ಸಲ ಕೂಗಿಸಬೇಕೇ ಎಂದು ಆಕ್ಷೇಪಿಸಿದೆ. ಮಸ್ಕಿಯ ಹುಡುಗ, ಉತ್ತರ ಸಿದ್ಧವಾಗಿತ್ತು. 1915ರಲ್ಲಿ ಚಿನ್ನದ ಜಾಡು ಹಿಡಿದು ಬಂದ ಬೀಡನ್ ಎಂಬ ಎಂಜಿನಿಯರಿಗೆ ಅವರೂರ ಗುಡ್ಡದಲ್ಲಿ ಶಾಸನ ಸಿಕ್ಕಿತಲ್ಲ, ಬೇರೆ ಬಹುತೇಕ ಕಡೆ ಬರೀ ದೇವಾನಾಂಪ್ರಿಯ ಎಂದು ಬಿರುದಿನಲ್ಲಿ ಮಾತಾಡಿದ ದೊರೆ ಅಲ್ಲಿ ಅಶೋಕ ಎಂಬ ಹೆಸರನ್ನೇ ಕೆತ್ತಿಸಿದ್ದ. "ನೋಡ್ರಿ ಸರ, ಅಂವಾ ಟ್ಯಾಗ್ ಹಾಕಿದ್ದಕ್ಕ ಯಾರ ಮಾಲು ಅಂತ ಗೊತ್ತಾತು. ಇಲ್ಲಂದ್ರ ಯಾರರ ಬೂಟ್‌ಲೆಗ್ ಮಾಡ್ತಿದ್ರು." ಇತಿಹಾಸದ ಮೇಷ್ಟ್ರುಗಳು ಇಷ್ಟು ಚುರುಕಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಅವನ ಶಬ್ದಕೋಶದ ರಾಜ ಮಾತ್ರ ಡ್ರಾಪ್. ತಾಳ ಬರಬರುತ್ತ ಒತ್ತಾಗುತ್ತದೆ, ಸದ್ದು ಮೇಲೇರುತ್ತದೆ: ಅದು ಬಿಲ್ಡಪ್. ಒಂದು ಕ್ಷಣ ಎಲ್ಲ ನಿಂತು, ಆಮೇಲೆ ಬೇಸ್ ಪೂರ್ತಿ ಬಂದು ಬೀಳುವುದೇ ಡ್ರಾಪ್. ಹುಡುಗಿಯ ಅಜ್ಜಿಗೆ ಇದನ್ನು ತಿಳಿಸಲು ಅವನು ಪಟ್ಟ ಪಾಡು ನೋಡಿ, ಕೊನೆಗೆ ಅಜ್ಜಿಯೇ ದಾರಿ ತೋರಿಸಿದಳು: "ಸಾವಧಾನ ಸಾವಧಾನ ಅಂತ ಸ್ವಾಮಿಗಳು ಕೂಗಿ ಕೂಗಿ, ಆಮ್ಯಾಲೆ ಭಜಂತ್ರಿಯವ್ರು ಒಮ್ಮೆಲೇ ಬಾರಿಸ್ತಾರಲ್ಲ, ಎಲ್ಲಾರೂ ಅಕ್ಕಿಕಾಳು ಒಗೀತೀವಿ, ಹಂಗ ಹೌದಿಲ್ಲೋ?" ತಮ್ಮ ಬಾಯಿ ತೆರೆದುಕೊಂಡೇ ನಿಂತ.

ಅದೇ ರಾತ್ರಿ ಜನರೇಟರಿನ ಡೀಸೆಲ್ ಮುಗಿಯಿತು. ಕ್ಯಾನು ಹಿಡಿದು ಹೋದವನು ಬರುವ ತನಕ ಇರಲಿ ಎಂದು ಮುದಗಲ್ ಕಡೆಯ ಮುದುಕನೊಬ್ಬ ಕೈಗೆ ಹಲಗಿ ತಗೊಂಡ. ಮೊಹರಂನಲ್ಲಿ ಹೆಜ್ಜೆ ಹಾಕಿಸಿ ಹಾಕಿಸಿ ಪಳಗಿದ ಕೈ. ಹುಲ್ಲು ಹೊತ್ತಿಸಿ ಚರ್ಮ ಕಾಸಿದ, ಬೆರಳಿನಲ್ಲಿ ತಟ್ಟಿ ಕಿವಿಯಿಟ್ಟ, ಮತ್ತೆ ಕಾಸಿದ. ಬಾರಿಸಲು ಶುರುಮಾಡಿದಾಗ ತಮ್ಮ ಮೊಬೈಲ್ ತೆಗೆದು ಪೆಟ್ಟು ಪೆಟ್ಟಿಗೂ ಬೆರಳೊತ್ತಿ ಎಣಿಸತೊಡಗಿದ. ನೂರಾ ಹದಿನೆಂಟು. ನೂರಾ ಇಪ್ಪತ್ತೈದು. ನೂರಾ ಮೂವತ್ತೆರಡು. ಮುದುಕ ಕಡ್ಡಿ ಎತ್ತಿ ನಿಲ್ಲಿಸಿದ. ಹುಡುಗರ ಒಂದೊಂದು ಕಾಲು ಗಾಳಿಯಲ್ಲೇ ಇತ್ತು. ಆಮೇಲೆ ಹೊಡೆದ ನೋಡಿ, ಸೋದರಮಾವ ಗುಳಿಗೆ ಮರೆತು ಕುಣಿದರು.

ತಮ್ಮ ಮುದುಕನ ಕಾಲು ಮುಟ್ಟಿ ನಮಸ್ಕರಿಸಿದ. ಮುಂದಿನ ವಾರ ಲಿಂಗಸುಗೂರಿನ ಮದುವೆಯಲ್ಲಿ ಆ ಹಲಗಿಯೇ ಬೇಸ್ ಬಾಕ್ಸಿನಲ್ಲಿ ಮೊಳಗಿತು, ಒರಿಜಿನಲ್ ಮಿಕ್ಸ್ ಎಂಬ ಹೆಸರಿನಲ್ಲಿ, ತಮ್ಮನ ಟ್ಯಾಗಿನೊಂದಿಗೆ.

ಅವನಿಗೆ ಅರ್ಥವಾಗದ ಅಳತೆ ಒಂದೇ, ಡೆಸಿಬೆಲ್. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿಯಲ್ಲಿ ಹಗಲು 55, ರಾತ್ರಿ 45. ಹತ್ತು ಗಂಟೆಯ ಮೇಲೆ ಬಯಲಲ್ಲಿ ಧ್ವನಿವರ್ಧಕ ಕೂಡದು. "ನಲವತ್ತೈದು ಅಂದ್ರ ನಮ್ ಜನರೇಟರ್ ಸುದ್ದಾ ಚಾಲೂ ಮಾಡಂಗಿಲ್ಲಲ್ರಿ" ಎಂಬುದು ಅವನ ಅಳಲು. ಆದ್ದರಿಂದ ಈ ಸೀಮೆಯಲ್ಲಿ ಲಗ್ನ ಇಟ್ಟುಕೊಂಡವರು ಮುಂಗಡ ಕೊಡುವಾಗಲೇ ಅವನ ಭಾಷೆಯಲ್ಲೇ ಹೇಳಿಬಿಡಿ: "ತಮ್ಮಾ, ರೇಡಿಯೋ ಎಡಿಟ್ ಸಾಕು." ಒಂಬತ್ತೂಮುಕ್ಕಾಲಿಗೆ ಮುಗಿಸುತ್ತಾನೆ. ಡೀಸೆಲ್ ದುಡ್ಡನ್ನು ಮಾತ್ರ ಎಕ್ಸ್‌ಟೆಂಡೆಡ್ ಲೆಕ್ಕದಲ್ಲೇ ತಗೊಳ್ಳುತ್ತಾನೆ.