ಮುದ್ದೆ ಬಿಟ್ಟು ಓಡಿದ್ದು

ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮೂರು ಜಾತಿಯ ಜನ ಸಿಗುತ್ತಾರೆ. ನಡೆಯುವವರು, ಓಡುವವರು, ಕಲ್ಲುಬೆಂಚಿನ ಮೇಲೆ ಕೂತು ಓಡುವವರನ್ನು ನೋಡಿ ‘ಪಾಪ, ಮನೇಲೇನು ಕಷ್ಟವೋ’ ಎಂದು ಮರುಗುವವರು. 52 ವರ್ಷ ನಾನು ಮೂರನೆಯ ಜಾತಿಯಲ್ಲೇ ನೆಮ್ಮದಿಯಾಗಿದ್ದೆ.

ಜಾತಿ ಕೆಡಿಸಿದವನು ನಮ್ಮ ಬ್ಯಾಂಕಿನ ಹುಡುಗನೊಬ್ಬ. ಅಂಗಿಯ ನಾಲ್ಕನೇ ಗುಂಡಿಯ ಸಂಕಟ ನೋಡಲಾರದೆ ಅವನು ನನಗೆ ಎರಡು ಔಷಧ ಹೇಳಿದ. ಒಂದು, 21 ಕಿಲೋಮೀಟರಿನ ಓಟಕ್ಕೆ ತಯಾರಿ. ಇನ್ನೊಂದು, ಲೋ ಕಾರ್ಬ್ ಪಥ್ಯ. “ಅನ್ನ, ಮುದ್ದೆ, ಇಡ್ಲಿ, ದೋಸೆ, ಚಪಾತಿ, ಸಕ್ಕರೆ ಬಿಡಿ ಸಾರ್. ಮಿಕ್ಕಿದ್ದೆಲ್ಲ ತಿನ್ನಿ” ಅಂದ. ಮೈಸೂರಿನವನಿಗೆ ಇವಿಷ್ಟನ್ನು ಬಿಟ್ಟರೆ ಮಿಕ್ಕುವುದು ವೀಳ್ಯದೆಲೆ ಮಾತ್ರ ಎಂಬುದು ಆ ಹುಡುಗನಿಗೆ ಹೊಳೆದಂತಿರಲಿಲ್ಲ. ದಿನಕ್ಕೆ 50 ಗ್ರಾಂ ಪಿಷ್ಟ ದಾಟಬಾರದಂತೆ. 100 ಗ್ರಾಂ ರಾಗಿಹಿಟ್ಟಿನಲ್ಲೇ ಸುಮಾರು 70 ಗ್ರಾಂ ಇರುತ್ತದೆ. ಅಂದರೆ ಒಂದು ಮುದ್ದೆ ಪೂರ್ತಿ ನುಂಗುವ ಮೊದಲೇ ಅವತ್ತಿನ ಲೆಕ್ಕ ಚುಕ್ತಾ.

ಔಷಧಗಳನ್ನು ಒಂದೊಂದಾಗಿಯಾದರೂ ತಗೊಳ್ಳಬೇಕಿತ್ತು. ನಾನು ಎರಡನ್ನೂ ಒಂದೇ ಸೋಮವಾರ ಶುರುಮಾಡಿದೆ. ಬುದ್ಧಿವಂತರು ಒಂದೇ ಮುಹೂರ್ತದಲ್ಲಿ ಮನೆ ಕಟ್ಟಿಸುವುದು, ಮಗಳ ಮದುವೆ ಎರಡನ್ನೂ ಹಚ್ಚಿಕೊಳ್ಳುವುದಿಲ್ಲ.

ಅವ್ವ ಮದ್ದೂರು ಕಡೆಯವಳು. ಅವಳ ಶಾಸ್ತ್ರದಲ್ಲಿ ತಟ್ಟೆಗೆ ಮುದ್ದೆಯೋ ಅನ್ನವೋ ಬಿದ್ದರೆ ಊಟ. ಬೇರೆ ಏನನ್ನು ಎಷ್ಟೇ ತಿಂದರೂ ಅದು ಬಾಯಾಡಿಸಿದ್ದು. ಮೂರು ದಿನ ನಾನು ಹುರುಳಿಕಾಯಿ ಪಲ್ಯವನ್ನೂ ಪನೀರನ್ನೂ ತಿಂದು ಎದ್ದದ್ದನ್ನು ನೋಡಿದವಳು ನಾಲ್ಕನೇ ದಿನ ಕೇಳಿದಳು: “ದಿನಾಲೂ ಶನಿವಾರವೇನ್ಲಾ ನಿಂಗೆ?” ಅವಳದು ಶನಿವಾರ ಒಪ್ಪತ್ತು. ರಾತ್ರಿ ಊಟ ಬಿಟ್ಟು ಒಂದು ತಟ್ಟೆ ಉಪ್ಪಿಟ್ಟು, ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಪಿಷ್ಟದ ಲೆಕ್ಕದಲ್ಲಿ ನೋಡಿದರೆ ನಮ್ಮವರ ಉಪವಾಸ ಓಟಗಾರನೊಬ್ಬ ಪಂದ್ಯದ ಹಿಂದಿನ ರಾತ್ರಿ ಮಾಡುವ ಊಟಕ್ಕೆ ಏನೂ ಕಮ್ಮಿಯಿಲ್ಲ. ಇದನ್ನು ಅವ್ವನಿಗೆ ವಿವರಿಸುವ ಧೈರ್ಯ ನನಗಿರಲಿಲ್ಲ. ಭಾನುವಾರವಂತೂ ಕೋಳಿಸಾರಿನ ಬಟ್ಟಲು ಬಂತು, ಪಕ್ಕದಲ್ಲಿ ಮುದ್ದೆಯಿಲ್ಲ. ಮದುಮಗನೇ ಇಲ್ಲದ ದಿಬ್ಬಣದ ಹಾಗೆ. ನಾನು ಚಮಚ ಎತ್ತಿಕೊಂಡೆ. ಅವ್ವ ನನ್ನ ಹೆಂಡತಿಯ ಕಡೆ ತಿರುಗಿ, “ಜ್ವರ ಬಂದೋರಂಗೆ ಸಾರು ಕುಡೀತಾ ಅವ್ನೆ, ಹಣೆ ಮುಟ್ಟಿ ನೋಡವ್ವಾ” ಅಂದಳು.

ಆದರೂ ಮೊದಲ ವಾರದಲ್ಲೇ ಮೂರು ಕಿಲೋ ಇಳಿದೆ. ಪ್ಯಾಂಟು ಹಿಡಿಸಲು ಟೈಲರ್ ಹತ್ತಿರ ಓಡಿದೆ. (ಅವತ್ತು ಮಾತ್ರ ನಿಜಕ್ಕೂ ಓಡಿದೆ.) ಆಮೇಲೆ ತಿಳಿಯಿತು, ಇಳಿದದ್ದರಲ್ಲಿ ಹೆಚ್ಚಿನದು ಬರೀ ನೀರು. ನಮ್ಮ ಮೈ ಸುಮಾರು 400–500 ಗ್ರಾಂ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟುಕೊಂಡಿರುತ್ತದೆ. ಅದರ ಒಂದೊಂದು ಗ್ರಾಮೂ ಮೂರು ಗ್ರಾಂ ನೀರನ್ನು ಸೆರಗಿಗೆ ಕಟ್ಟಿಕೊಂಡಿರುತ್ತದೆ. ಪಿಷ್ಟ ನಿಲ್ಲಿಸಿದೆವೋ, ಸಕ್ಕರೆ ಕರಗುತ್ತದೆ, ನೀರು ಹೊರಡುತ್ತದೆ, ಜೊತೆಗೆ ಉಪ್ಪನ್ನೂ ಕರೆದೊಯ್ಯುತ್ತದೆ. ನಾನು ಆ ನೀರಿಗೇ ಟೈಲರ್‌ಗೆ ದುಡ್ಡು ಕೊಟ್ಟಿದ್ದೆ.

ಬ್ಯಾಂಕಿನವನಾದ್ದರಿಂದ ಹೀಗೆ ಹೇಳುತ್ತೇನೆ. ಗ್ಲೈಕೋಜನ್ ಉಳಿತಾಯ ಖಾತೆ. ಬೇಕೆಂದಾಗ ತೆಗೆಯಬಹುದು, ಇರುವುದು ಮಾತ್ರ ಹೆಚ್ಚೆಂದರೆ 2000 ಕ್ಯಾಲೊರಿ. ಕೊಬ್ಬು ಠೇವಣಿ. ಒಂದು ಕಿಲೋಗೆ 7,700 ಕ್ಯಾಲೊರಿ. ನನ್ನ ಹೊಟ್ಟೆ, ಸೊಂಟ ಎಲ್ಲ ಶಾಖೆಗಳೂ ಸೇರಿ 15 ಕಿಲೋಗೆ ಮೋಸವಿಲ್ಲ. 80 ಕಿಲೋ ತೂಕದವನು ಒಂದು ಕಿಲೋಮೀಟರ್ ಓಡಲು ಹೆಚ್ಚುಕಮ್ಮಿ 80 ಕ್ಯಾಲೊರಿ ಸಾಕು. ಭಾಗಿಸಿ ನೋಡಿದರೆ ನನ್ನ ಠೇವಣಿಯಲ್ಲಿ ಮೈಸೂರಿನಿಂದ ಮುಂಬಯಿಗೆ ಓಡಿ, ಅಲ್ಲಿಂದ ಇನ್ನೂ ಮುಂದಕ್ಕೂ ಹೋಗಬಹುದು!

ಹೀಗಿರುವಾಗ ಮೂರನೆಯ ಭಾನುವಾರ, ಕೆರೆಯ ಎರಡನೇ ಸುತ್ತಿನಲ್ಲಿ, ಎಂಟು ಕಿಲೋಮೀಟರೂ ಆಗಿರಲಿಲ್ಲ, ಕಾಲು ನಿಂತುಹೋಯಿತು. ನೋವಲ್ಲ, ಸುಸ್ತೂ ಅಲ್ಲ. ಕರೆಂಟು ಹೋದ ಹಾಗೆ. ಠೇವಣಿ ಇದೆ, ಆದರೆ ಭಾನುವಾರ ಬೆಳಿಗ್ಗೆ ಆರೂವರೆಗೆ ಅದನ್ನು ಮುರಿಸಿಕೊಡುವ ಗುಮಾಸ್ತ ಇಲ್ಲ. ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಕೆರೆಯಲ್ಲೊಂದು ಹೆಜ್ಜಾರ್ಲೆ, ಕೊಕ್ಕಿನ ಕೆಳಗೆ ಚೀಲ ಜೋತಾಡಿಸಿಕೊಂಡು, ನೀರನ್ನು ದಪದಪ ತುಳಿಯುತ್ತಾ ಇನ್ನೇನು ಆಗುವುದಿಲ್ಲ ಅನ್ನುವಷ್ಟರಲ್ಲಿ ಮೇಲೆದ್ದು ಹಾರಿತು. ನನ್ನಷ್ಟೇ ಬೊಜ್ಜಿನ ಪ್ರಾಣಿ. ನನಗೆ ಅಳು ಬಂತು.

ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನನ್ನ ಮುಖ ನೋಡಿ ಸ್ವೆಟರಿನ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಒಳಗೆ ನಾಲ್ಕು ತುಂಡು ಕಲ್ಲುಸಕ್ಕರೆ. “ಬಾಯಿಗೆ ಹಾಕ್ಕೊಳ್ಳಿ. ನಂಗೆ ಶುಗರ್ ಇದೆ, ಕಮ್ಮಿಯಾದಾಗ ಬೇಕಾಗತ್ತೆ ಅಂತ ಇಟ್ಕೊಂಡಿರ್ತೀನಿ. ನಿಮಗೆಷ್ಟು ವರ್ಷದಿಂದ?” ನನಗೆ ಶುಗರ್ ಇಲ್ಲ, ನಾನೇ ಬಿಟ್ಟಿರುವುದು ಎಂದೆ. ಅವರು ಬಹಳ ಹೊತ್ತು ಕೆರೆಯನ್ನೇ ನೋಡಿದರು. ಪುರಂದರದಾಸರು ಮಾರಿದ ಕಲ್ಲುಸಕ್ಕರೆಗೆ ಕ್ಯಾಲೊರಿ ಇರಲಿಲ್ಲ, ಇದಕ್ಕಿತ್ತು. ಐದು ನಿಮಿಷಕ್ಕೆ ಕಿವಿಯ ಜೀರುಂಡೆ ಹಾರಿಹೋಯಿತು.

ಬಿದ್ದವನಿಗೇ ಓದುವ ಚಟ ಹತ್ತುವುದು. ಈ ಪಥ್ಯವನ್ನು 1863ರಲ್ಲೇ ಪುಸ್ತಿಕೆ ಬರೆದು ಊರಿಗೆಲ್ಲ ಹೇಳಿದವನು ವಿಲಿಯಂ ಬ್ಯಾಂಟಿಂಗ್ ಎಂಬ ಲಂಡನ್ನಿನ ಧಡೂತಿ ಆಸಾಮಿ; ಕಸುಬು ಶವಸಂಸ್ಕಾರದ ಏರ್ಪಾಡು. ಗಿರಾಕಿಗಳನ್ನು ತಾನೇ ಕಡಿಮೆ ಮಾಡಿಕೊಂಡ ವ್ಯಾಪಾರಿ ಇವನೊಬ್ಬನೇ ಇರಬೇಕು. ಇನ್ನು ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್. ಓಟಗಾರರ ಬೈಬಲ್ಲಿನಂಥ ಪುಸ್ತಕ ಬರೆದು ಪಿಷ್ಟ ತಿನ್ನಿರೆಂದು ಬೋಧಿಸಿದ ಈ ವೈದ್ಯ, ಮುಂದೆ ತನಗೇ ಮಧುಮೇಹ ಬಂದಾಗ ಆ ಅಧ್ಯಾಯವನ್ನು ಹರಿದುಹಾಕಿ ಎಂದುಬಿಟ್ಟರು. ಬರೆದದ್ದನ್ನು ಹರಿಯಿರಿ ಅನ್ನುವ ಲೇಖಕನ ಮೇಲೆ ನನಗೆ ಗೌರವವಿದೆ. ಆದರೆ ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ತಂಡ ವೇಗನಡಿಗೆಯ ಪಟುಗಳಿಗೆ ಇದೇ ಪಥ್ಯ ಮಾಡಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶ ನೋಡಿ: ಮೈ ಕೊಬ್ಬನ್ನು ಚೆನ್ನಾಗಿಯೇ ಉರಿಸಲು ಕಲಿಯಿತು, ಆದರೆ ಅದೇ ವೇಗಕ್ಕೆ ಉಸಿರು ಹೆಚ್ಚು ಬೇಕಾಯಿತು, ಪಂದ್ಯದಲ್ಲಿ ಸುಧಾರಣೆ ಕಾಣಲಿಲ್ಲ. ಸೌದೆ ಬೇಕಾದಷ್ಟಿದೆ, ಊದುಕೊಳವೆ ಊದೀ ಊದೀ ಸಾಕಾಗುತ್ತದೆ.

ಕೆನ್ಯಾದ ಓಟಗಾರರು ಏನು ತಿನ್ನುತ್ತಾರೆಂದು ನೋಡಿದೆ. ಉಗಾಲಿ. ಕುದಿಯುವ ನೀರಿಗೆ ಮುಸುಕಿನ ಜೋಳದ ಹಿಟ್ಟು ಸುರಿದು, ಮರದ ಕೋಲಿನಿಂದ ತೊಳಸಿ, ಗಟ್ಟಿ ಮಾಡಿ, ಕೈಯಲ್ಲಿ ಮುರಿದು ಸೊಪ್ಪಿನ ಜೊತೆ ತಿನ್ನುವುದು. ಚಿತ್ರವನ್ನು ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ಚೆನ್ನಾಗಿ ತೊಳಸವ್ರೆ, ಗಂಟಿಲ್ಲ” ಅಂದಳು.

ಈಗ ರಾಜಿಯಾಗಿದೆ. ವಾರದ ದಿನ ಪಥ್ಯ. ಹೆಚ್ಚು ಓಡುವ ದಿನದ ಹಿಂದಿನ ರಾತ್ರಿ ಮುದ್ದೆ. ಅದೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, 200 ಗ್ರಾಂ. ಮೊನ್ನೆ ಶನಿವಾರ ನಾನು ಮುದ್ದೆಯನ್ನು ತಕ್ಕಡಿಯ ಮೇಲಿಟ್ಟು ಅಂಕಿಗೆ ಬಗ್ಗಿದ್ದೆ. ಅವ್ವ ಪಾತ್ರೆಯ ತಳದಲ್ಲಿ ಉಳಿದಿದ್ದ ಒಂದು ಹಿಡಿಯನ್ನು ಒದ್ದೆ ಕೈಯಲ್ಲಿ ಉಂಡೆ ಕಟ್ಟಿ, ನನ್ನ ಮುದ್ದೆಯ ನೆತ್ತಿಗೆ ಒತ್ತಿದಳು. ತಕ್ಕಡಿ 260 ತೋರಿಸಿತು.

“ಕೊಸರು” ಅಂದಳು.