ಆರೆಂಜಿಗೊಂದು ಪ್ರಾಸ

ಇಂಗ್ಲಿಷಿನ ‘ಆರೆಂಜ್’ಗೆ ಪ್ರಾಸವೇ ಇಲ್ಲವೆಂದು ಬಲ್ಲವರು ಕೈಚೆಲ್ಲುತ್ತಾರೆ. ಒತ್ತು ಬಿದ್ದ ಸ್ವರದಿಂದ ಕೊನೆಯವರೆಗೂ ಸದ್ದು ಹೊಂದಬೇಕೆಂಬುದು ಅಲ್ಲಿನ ಕಟ್ಟಳೆ; ಈ ಪದಕ್ಕೋ ಒತ್ತು ತಲೆಯ ಮೇಲೇ. ಆದರೂ ವೇಲ್ಸ್‌ನ ಅಬರ್‌ಗವೆನಿ ಪಕ್ಕ ‘ಬ್ಲಾರೆಂಜ್’ ಎಂಬ ಗುಡ್ಡ ಕೂತಿದೆ. ಊರುಕೇರಿಯ ಹೆಸರು ಲೆಕ್ಕಕ್ಕಿಲ್ಲ ಎಂಬ ತಕರಾರು ಬರುತ್ತದೆ, ಬರಲಿ. ಪ್ರಾಸ ಸವಿಯುವ ಕಿವಿ ಪದದ ಜಾತಕ ನೋಡುವುದಿಲ್ಲವಲ್ಲ! ಗುಡ್ಡ ಹತ್ತಲಾಗದವರಿಗೆ ಅರೆಪ್ರಾಸವಿದೆ: ರ್‍ಯಾಪರ್ ಎಮಿನೆಮ್ 2010ರ ಟಿವಿ ಸಂದರ್ಶನವೊಂದರಲ್ಲಿ ‘ಡೋರ್ ಹಿಂಜ್’, ‘ಸ್ಟೋರೇಜ್’, ‘ಪಾರಿಜ್’ ಎಂದು ಬಾಗಿಲ ಕೀಲನ್ನೂ ಗಂಜಿಯನ್ನೂ ಕಿತ್ತಳೆಯ ಪಂಕ್ತಿಗೇ ಕೂರಿಸಿದ. ಮಡಿವಂತರಿಗೆ ಇದು ಮೋಸ, ನನಗೆ ಜಾಣತನ. ಅಂದಹಾಗೆ, ಹಳಗನ್ನಡ ಕವಿಗೆ ಈ ಗೋಳೇ ಇರುತ್ತಿರಲಿಲ್ಲ. ಅವನ ಆದಿಪ್ರಾಸಕ್ಕೆ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಹೊಂದಬೇಕು, ಮೊದಲಕ್ಷರದ ಗುರುಲಘು ಕೆಡಬಾರದು, ಅಷ್ಟೇ. ಆರೆಂಜಿನ ಜೊತೆ ಊರು, ಏರಿ, ಖಾರ ಮಂಡಕ್ಕಿ, ಎಲ್ಲವೂ ಸಲೀಸು.