ತಿಥಿ ಊಟಕ್ಕೆ ಸತ್ತವನೇ ಹಾಜರು

ನ್ಯೂಜೆರ್ಸಿಯ ಕಾಮಿಕ್ಸ್ ಅಂಗಡಿಯಲ್ಲಿ ಮೊಮ್ಮಗ ಆರಿಸಿದ್ದಕ್ಕೆಲ್ಲ ಶಾಮಣ್ಣ ದುಡ್ಡು ಎಣಿಸುತ್ತಿದ್ದರು.

"ಈ ಕಪ್ಪು ಕವರಲ್ಲಿ ಏನೋ ಪುಟ್ಟಾ?"

"1992ರಲ್ಲಿ ಸೂಪರ್‌ಮ್ಯಾನ್ ಸತ್ತ ಸಂಚಿಕೆ, ತಾತ. ತೋಳಿಗೆ ಕಟ್ಟೋ ಕಪ್ಪು ಪಟ್ಟಿನೂ ಒಳಗಿದೆ."

"ಅಯ್ಯೋ ಪಾಪ! ವರ್ಷದ ತಿಥಿ ಸಾಂಗವಾಯ್ತಾ?"

"ಅದಕ್ಕೆ ಮುಂಚೇನೇ ಎದ್ದು ಬಂದ, 1993ರಲ್ಲಿ."

"ಹಾಗಾದ್ರೆ ಸೂತಕದ ದುಡ್ಡು ವಾಪಸ್ ಕೊಟ್ರಾ?"

ಕಥೆಗಳಲ್ಲಿ ಲೋಕಗಳು ಹೆಚ್ಚಾಗಿ ಓದುಗರಿಗೆ ಗೊಂದಲವೆಂದು ಸೂಪರ್‌ಮ್ಯಾನ್ ಪ್ರಕಟಿಸುವ ಡಿಸಿ ಕಂಪನಿ 1985ರಲ್ಲಿ 12 ಸಂಚಿಕೆಯ ಸರಣಿ ಶುರುಮಾಡಿ ಎಲ್ಲವನ್ನೂ ಒಂದೇ ಭೂಮಿ ಮಾಡಿದ್ದನ್ನೂ, 2007ಕ್ಕೆ ಅದು 52 ಆದದ್ದನ್ನೂ ಹುಡುಗ ವಿವರಿಸಿದ.

"ಸಂಚಿಕೆಯಲ್ಲೇ ಸಂಚಿದೆ ಬಿಡು. ನಮ್ಮೂರಲ್ಲಿ ಎರಡೆಕರೆ ಪೋಡಿಗೇ ವರ್ಷಗಟ್ಟಲೆ ಅಲೆದೆ!"

"ಮಾರ್ವೆಲ್ ಸಿನಿಮಾನೂ ಅಷ್ಟೆ. 2019ರಲ್ಲಿ ಐರನ್ ಮ್ಯಾನ್ ಆಗಿ ಸತ್ತ ನಟ ಈಗ ಡಾಕ್ಟರ್ ಅಂತೆ."

"ಸತ್ತ ಮೇಲೆ ಡಾಕ್ಟರಾ?"

ಡಾಕ್ಟರ್ ಹೆಸರು ಡೂಮ್. ನಟ ರಾಬರ್ಟ್ ಡೌನಿ ಜೂನಿಯರ್. ಘೋಷಣೆಯಾದದ್ದು 2024ರಲ್ಲಿ.